ಮೂವತ್ತೆರಡರಲ್ಲಿ ಮೂವತ್ತು

ಆ ವರ್ಷಗಳಲ್ಲಿ ಹೈದರಾಬಾದಿನ ಕರೆಂಟು ಕಂಬಗಳು ಕಾಣುತ್ತಲೇ ಇರಲಿಲ್ಲ, ಅಡಿಯಿಂದ ಕೈಗೆಟುಕುವಷ್ಟು ಎತ್ತರದ ತನಕ ಬರೀ ಕಂಪ್ಯೂಟರ್ ಕೋರ್ಸುಗಳ ಜಾಹೀರಾತು. ನೂರು ದಿನದಲ್ಲಿ ಕೆಲಸ ಎಂದು ಶುರುವಾದದ್ದು ಅರವತ್ತು ದಿನಕ್ಕೆ ಇಳಿದು, ನಾನು ಓದುವ ಹೊತ್ತಿಗೆ ನಲವತ್ತೈದಕ್ಕೆ ಬಂದು ನಿಂತಿತ್ತು. ಇನ್ನೂ ಸ್ವಲ್ಪ ತಡೆದರೆ ಕಂಬದ ಕೆಳಗೆ ನಿಂತವರಿಗೆ ಅಲ್ಲೇ ಆರ್ಡರ್ ಬರೆದು ಕೊಡುತ್ತಾರೇನೋ ಅನಿಸುತ್ತಿತ್ತು. ಕುಷಾಯಿಗೂಡದ ನಮ್ಮ ಬೀದಿಯಲ್ಲಿ ಹಾಲು ಹಾಕುವವರ ಮಗಳಿಂದ ಹಿಡಿದು ಬ್ಯಾಂಕ್ ಮ್ಯಾನೇಜರರ ಮಗನ ತನಕ ಎಲ್ಲರ ಕಂಕುಳಲ್ಲೂ ಒಂದೊಂದು ಜೆರಾಕ್ಸ್ ಪುಸ್ತಕ. ಬಿಎಸ್ಸಿಯನ್ನು ಎರಡನೇ ದರ್ಜೆಯಲ್ಲಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿ ನಾನೂ ಒಂದು ದಿನ ಹೋಗಿ ಕಂಬ ಓದಿದೆ.

ಆರಿಸಿಕೊಂಡದ್ದು ನೆಟ್‌ವರ್ಕಿಂಗ್. ಆಸಕ್ತಿಯಿಂದ ಅಲ್ಲ. ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಕೋರ್ಸಿನ ಫೀಸು ಕೇಳಿ ಅವ್ವ ಫ್ಯಾನಿನ ಕೆಳಗೆ ಹೋಗಿ ಕೂತಿದ್ದಳು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಮಾತಾಡಿಸುವ ಈ ವಿದ್ಯೆ ಅದರ ಅರ್ಧಕ್ಕೆ ಸಿಗುತ್ತಿತ್ತು. ಕೊನೆಯಲ್ಲಿ ಪರದೇಶದವರು ನಡೆಸುವ ಒಂದು ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಆ ಪರೀಕ್ಷೆಯ ಫೀಸು ಮಾತ್ರ ಡಾಲರಿನಲ್ಲಿ. ಅಪ್ಪ ಆಗಷ್ಟೇ ಸರ್ಕಾರಿ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು, ಕ್ವಾರ್ಟರ್ಸ್ ಬಿಟ್ಟು, ನಮ್ಮನ್ನು ಎರಡು ಕೋಣೆಯ ಬಾಡಿಗೆ ಮನೆಗೆ ತಂದಿದ್ದ. ಹಾಗಾಗಿ ಮನೆಯಲ್ಲಿ ತೀರ್ಮಾನವಾಯಿತು: ಪರೀಕ್ಷೆ ಒಂದೇ ಸಲ. ಫೇಲಾದರೆ ಸಿಕಂದರಾಬಾದಿನ ಸೀರೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ. ಅವ್ವ ಆ ಅಂಗಡಿಯವರ ಹತ್ತಿರ ಆಗಲೇ ಮಾತಾಡಿ ಇಟ್ಟಿದ್ದಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ನಾನು ಸೇರಿದ ಸಂಸ್ಥೆ ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ, ಒಂದು ಟಿಫಿನ್ ಸೆಂಟರಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ದೋಸೆ ಹುಯ್ದರೆ ಮೇಲೆ ನಮಗೆ ಹಸಿವು. ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾರಿ ತೋರಿಸುವ ಪೆಟ್ಟಿಗೆಗೆ ರೌಟರ್ ಎನ್ನುತ್ತಾರೆ. ಇಡೀ ಸಂಸ್ಥೆಗೆ ಅಂಥದ್ದು ಒಂದೇ ಒಂದು, ಅದೂ ಗಾಜಿನ ಕಪಾಟಿನೊಳಗೆ, ಬೀಗದ ಹಿಂದೆ. ದಸರೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಅದರ ಹಣೆಯ ಮೇಲೆ ಹಾಗೇ ಒಣಗಿತ್ತು. ನಾವು ನಲವತ್ತು ಜನ ವಾರಕ್ಕೊಮ್ಮೆ ಸಾಲಾಗಿ ಹೋಗಿ ದರ್ಶನ ಮಾಡಿ ಬರುತ್ತಿದ್ದೆವು. ಅದರ ಪ್ಲಗ್ಗು ಗೋಡೆಗೆ ತಾಗಿದ್ದನ್ನು ಮಾತ್ರ ನಾನು ನೋಡಲಿಲ್ಲ. ಪ್ರಾಕ್ಟಿಕಲ್ ಎಂದರೆ ನೋಟ್ ಬುಕ್ಕಿನಲ್ಲಿ ನಾವು ರೌಟರಿಗೆ ಕೊಡುವ ಆಜ್ಞೆ ಬರೆಯುವುದು, ಅದರ ಕೆಳಗೆ ರೌಟರ್ ಏನು ಉತ್ತರ ಕೊಡುತ್ತದೆ ಎಂಬುದನ್ನೂ ನಾವೇ ಬರೆಯುವುದು. ಗಂಡನ ಮಾತು, ಹೆಂಡತಿಯ ಮಾತು ಎರಡನ್ನೂ ಒಬ್ಬರೇ ಆಡಿಕೊಂಡ ಹಾಗೆ. ಜಗಳವೇ ಇರಲಿಲ್ಲ, ಎಲ್ಲರ ನೆಟ್‌ವರ್ಕೂ ಚೆನ್ನಾಗಿಯೇ ನಡೆಯುತ್ತಿತ್ತು.

ಆದರೆ ನಿಜವಾದ ವಿದ್ಯೆ ಇದ್ದದ್ದು ‘ಮೆಟೀರಿಯಲ್’ನಲ್ಲಿ. ಮೊದಲು ಪರೀಕ್ಷೆಗೆ ಕೂತವರು ನೆನಪಿಟ್ಟುಕೊಂಡು ಬಂದು ಒಪ್ಪಿಸಿದ ಪ್ರಶ್ನೆಗಳ ಕಟ್ಟು ಅದು, ಕಡೆಯ ಹಾಳೆಯಲ್ಲಿ ಉತ್ತರಗಳ ಪಟ್ಟಿ. ಕದ್ದ ಮಾಲು ಎನ್ನಲು ಎಲ್ಲರಿಗೂ ಸಂಕೋಚ, ಆದ್ದರಿಂದ ಮೆಟೀರಿಯಲ್. ಸಂಸ್ಥೆ ನಡೆಸುತ್ತಿದ್ದ ಸರ್ ಅದನ್ನು ಮದುವೆಯ ಲಗ್ನಪತ್ರಿಕೆಯಂತೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಯಾರಾದರೂ ಉತ್ತರ ಹೀಗೇಕೆ ಎಂದು ಕೇಳಿದರೆ “ಸಮಝನಾ ನಕ್ಕೋ, ಯಾದ್ ಕರೋ” ಎನ್ನುತ್ತಿದ್ದರು. ತಿಳಿದುಕೊಳ್ಳುವ ಉಸಾಬರಿ ಬೇಡ, ಬಾಯಿಪಾಠ ಮಾಡಿ. ನಮಗೂ ಬೇಕಾದದ್ದು ಅದೇ. ಕುಷಾಯಿಗೂಡದಿಂದ ಸಿಕಂದರಾಬಾದಿಗೆ ಬಸ್ಸಿನಲ್ಲಿ ಜೋತುಬಿದ್ದು ನಾನು ಇನ್ನೂರು ಪ್ರಶ್ನೆಗಳಿಗೆ ಉತ್ತರ ಒಪ್ಪಿಸುವಷ್ಟು ಗಟ್ಟಿಯಾದೆ. ಪ್ರಶ್ನೆ ಏನು ಕೇಳುತ್ತಿದೆ ಎಂದು ಯಾರಾದರೂ ತಡೆದು ಕೇಳಿದ್ದರೆ ಕಣ್ಣುಕಣ್ಣು ಬಿಡುತ್ತಿದ್ದೆ.

ಇತ್ತ ಮನೆಯಲ್ಲಿ ಅಪ್ಪನಿಗೆ ಹೊತ್ತು ಹೋಗುತ್ತಿರಲಿಲ್ಲ. ಐಟಿಐ ಓದಿ, ಕಲಬುರ್ಗಿ ಕಡೆಯ ಹಳ್ಳಿಯಿಂದ ಬಂದು, ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿ ಯಂತ್ರಗಳ ತಪ್ಪು ಹುಡುಕಿದವನು. ಮನೆಯಲ್ಲಿ ಹುಡುಕಲು ತಪ್ಪುಗಳು ಉಳಿದಿರಲಿಲ್ಲ, ಮಿಕ್ಸಿಯನ್ನೇ ಮೂರು ಸಲ ಬಿಚ್ಚಿ ಕೂಡಿಸಿದ್ದ. ಅವ್ವನ ಕಾಟ ತಡೆಯದೆ ಒಂದು ಭಾನುವಾರ ಕೋಠಿಯ ಫುಟ್‌ಪಾತಿಗೆ ಹೋಗಿ ನೆಟ್‌ವರ್ಕಿಂಗಿನ ದಪ್ಪ ಪುಸ್ತಕವೊಂದನ್ನು ಚೌಕಾಸಿ ಮಾಡಿ ತಂದ. ಹಳೇ ಮುದ್ರಣ, ರಟ್ಟು ಕಿತ್ತಿತ್ತು, ನಡುವೆ ಯಾರದೋ ಚಹಾದ ಕಲೆ. ನನಗೆಂದು ತಂದದ್ದು. ನಾನು ಮುಟ್ಟಲಿಲ್ಲ. ಮೆಟೀರಿಯಲ್ ಇರುವವರಿಗೆ ಪುಸ್ತಕ ಯಾಕೆ?

ಹಾಗಾಗಿ ಅದನ್ನು ಅಪ್ಪನೇ ಓದತೊಡಗಿದ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ಒಂದೊಂದೇ ಪದದ ಕೆಳಗೆ ಬೆರಳಿಟ್ಟು. ದಿನಕ್ಕೆ ನಾಲ್ಕು ಪುಟ. ಕಾರ್ಖಾನೆಯ ಹಳೇ ಡೈರಿಯೊಂದರಲ್ಲಿ ಚಿತ್ರ ಬರೆದು, ಬಾಣ ಹಾಕಿ, ಕೆಳಗೆ ಕನ್ನಡದಲ್ಲಿ ಟಿಪ್ಪಣಿ. ಎರಡು ತಿಂಗಳಲ್ಲಿ ಡೈರಿ ತುಂಬಿತು. ನಾನು ಬಸ್ಸಿನಿಂದ ಇಳಿದು ಮನೆಗೆ ಬಂದರೆ ಸಾಕು, ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ ಹಿಡಿದು ನಿಂತಿರುತ್ತಿದ್ದ. ನನಗೆ ರೇಗುತ್ತಿತ್ತು. ಬಾಯಿಪಾಠ ಮಾಡಿದವರಿಗೆ ತಿಳಿದವರನ್ನು ಕಂಡರೆ ಬರುವ ರೇಗು ಅದು, ಆಗ ಅದಕ್ಕೆ ಸುಸ್ತು ಎಂದು ಹೆಸರಿಟ್ಟಿದ್ದೆ.

ಒಂದು ದಿನ ಅಪ್ಪ ನನ್ನ ಮೆಟೀರಿಯಲ್ ತೆಗೆದು ನೋಡಿದ. ನೋಡಿದವನು ಸುಮ್ಮನಿರಬೇಕಲ್ಲ, ಪೆನ್ಸಿಲ್ ಹಿಡಿದ. ಕಂಪ್ಯೂಟರಿಗೊಂದು ನಂಬರಿನಂತೆ, ಒಂದು ಆಫೀಸಿನ ನೆಟ್‌ವರ್ಕನ್ನು ಮೂವತ್ತೆರಡು ನಂಬರುಗಳ ತುಂಡುಗಳಾಗಿ ಮಾಡಿದರೆ ಒಂದು ತುಂಡಿನಲ್ಲಿ ಎಷ್ಟು ಕಂಪ್ಯೂಟರ್ ಇಡಬಹುದು ಎಂಬ ಪ್ರಶ್ನೆ ಅದರಲ್ಲಿತ್ತು. ಪಟ್ಟಿಯ ಉತ್ತರ ಮೂವತ್ತೆರಡು. ನನಗೂ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಅಪ್ಪ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಮೂವತ್ತು ಎಂದು ಬರೆದ.

“ನಮ್ಮ ಕ್ವಾರ್ಟರ್ಸಿನ್ಯಾಗ ಒಂದು ಸಾಲಿಗೆ ಮೂವತ್ತೆರಡು ನಂಬರ್ ಅಂತ ತಿಳಿ” ಎಂದ. “ಮೊದಲನೇ ನಂಬರ್ ಆ ಸಾಲಿನ ಹೆಸರಿಗೇ ಹೋತು, ಬೋರ್ಡಿನ ಮ್ಯಾಲ ಬರಿಯಾಕ. ಕಡೀ ನಂಬರ್ ಸಾಲಿನ ಮಂದಿಗೆಲ್ಲಾ ಒಮ್ಮೆಲೆ ಕೂಗಿ ಹೇಳಾಕ ಇಟ್ಟಾರ. ಆ ಎರಡರಾಗ ಯಾರೂ ಸಂಸಾರ ಮಾಡಾಕ ಬರೂದಿಲ್ಲವ್ವ. ಉಳಿದಿದ್ದು ಮೂವತ್ತ ಮನಿ.”

ಆ ಜಾತಿಯ ಪ್ರಶ್ನೆಗಳು ಮೆಟೀರಿಯಲ್ಲಿನಲ್ಲಿ ಹದಿನೈದೋ ಇಪ್ಪತ್ತೋ ಇದ್ದವು. ಪಟ್ಟಿ ಮಾಡಿದ ಪುಣ್ಯಾತ್ಮ ಎಲ್ಲದರಲ್ಲೂ ಅದೇ ತಪ್ಪು ಮಾಡಿದ್ದ. ಅಪ್ಪ ಎಲ್ಲವನ್ನೂ ತಿದ್ದಿದ. ನಾನು ಕಿರುಚಾಡಿದೆ. ನಲವತ್ತು ಜನ ಓದುತ್ತಿರುವುದು ತಪ್ಪು, ಪಾಸಾಗಿ ಸಂಸ್ಥೆಯ ಗೋಡೆಯ ಮೇಲೆ ಫೋಟೋ ಹಾಕಿಸಿಕೊಂಡವರೆಲ್ಲ ಓದಿದ್ದು ತಪ್ಪು, ನೀನು ಚಾಪೆಯ ಮೇಲೆ ಮಲಗಿ ಓದಿದ್ದು ಸರಿಯೇ ಎಂದು ಕೇಳಿದೆ. ಅಪ್ಪ ಸಿಟ್ಟಾಗಲಿಲ್ಲ. ನಡಿ, ನಿಮ್ಮ ಸರ್ ಅವರನ್ನೇ ಕೇಳೋಣ ಎಂದು ಮರುದಿನ ನನ್ನ ಜೊತೆ ಬಸ್ಸು ಹತ್ತಿದ.

ಆ ದಿನವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಪ್ಪ ಇಸ್ತ್ರಿ ಮಾಡಿದ ಫ್ಯಾಕ್ಟರಿಯ ಅಂಗಿ ಹಾಕಿ, ಡೈರಿ ಹಿಡಿದು, ಸರ್ ಅವರ ಮೇಜಿನ ಮುಂದೆ ನಿಂತುಕೊಂಡೇ ಕ್ವಾರ್ಟರ್ಸಿನ ಕಥೆಯನ್ನು ಉರ್ದುವಿನಲ್ಲಿ ಹೇಳಿದ. ಕೂತುಕೊಳ್ಳಿ ಎಂದು ಸರ್ ಹೇಳಲಿಲ್ಲ. ಪೂರ್ತಿ ಕೇಳಿಸಿಕೊಂಡು, ತಾವು ರಿಟೈರ್ ಆದವರೇ ಎಂದು ವಿಚಾರಿಸಿದರು. ಹೌದೆಂದ ಮೇಲೆ, ಹಿರಿಯರಿಗಾಗಿ ತಮ್ಮಲ್ಲಿ ಟೈಪಿಂಗ್ ಮತ್ತು ಇಮೇಲ್ ಕಲಿಸುವ ಬ್ಯಾಚ್ ಇದೆ, ರಿಯಾಯಿತಿ ಕೊಡುತ್ತೇನೆ ಎಂದರು. ಹಿಂದೆ ಕೂತಿದ್ದ ನನ್ನ ಬ್ಯಾಚಿನವರು ನಕ್ಕರು. ನಾನು ಗಾಜಿನ ಕಪಾಟಿನ ಕಡೆ ಮುಖ ಮಾಡಿ, ಈ ಮನುಷ್ಯ ಯಾರೋ ಏನೋ ಎನ್ನುವಂತೆ ನಿಂತಿದ್ದೆ.

ಪರೀಕ್ಷೆಗೆ ಹೆಸರು ಕೊಡುವ ವಾರ ಅಪ್ಪ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ, ಮುಖ ನೋಡದೆ ನನ್ನನ್ನೇ ಒಂದು ಮಾತು ಕೇಳಿದ. “ಈ ಪರೀಕ್ಷಾ ನಾನೂ ಬರದರ ಹೆಂಗವ್ವ?”

ಅವ್ವ ನಕ್ಕಳು. ಐವತ್ತೆರಡು ವರ್ಷದವನ ಸರ್ಟಿಫಿಕೇಟನ್ನು ಯಾವ ಕಂಪನಿಯವರು ಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಾರೆ ಎಂದಳು. ನಾನು ಅವಳಿಗಿಂತ ಜೋರಾಗಿ ನಕ್ಕೆ. ಅಪ್ಪನೂ ನಮ್ಮ ಜೊತೆ ಸೇರಿ ನಕ್ಕು, ಮತ್ತೊಂದು ರೊಟ್ಟಿ ಹಾಕಿಸಿಕೊಂಡ. ಇದ್ದದ್ದು ಒಂದೇ ಫೀಸು, ಅದು ನನ್ನದು, ನ್ಯಾಯ ಸರಿಯಾಗಿಯೇ ಇತ್ತು. ಆದರೂ ನಾನು ನಗಬಾರದಿತ್ತು.

ಪರೀಕ್ಷೆಯ ಕೇಂದ್ರದಲ್ಲಿ ಎಸಿ ಎಷ್ಟಿತ್ತೆಂದರೆ ಬೆರಳು ಮರಗಟ್ಟಿದವು. ಒಬ್ಬೊಬ್ಬರಿಗೆ ಒಂದೊಂದು ಗೂಡು, ಒಂದು ಪರದೆ. ಒಮ್ಮೆ ಮುಂದಿನ ಪ್ರಶ್ನೆಗೆ ಹೋದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಮೊದಲ ಹತ್ತು ಪ್ರಶ್ನೆಗಳು ಮೆಟೀರಿಯಲ್ಲಿನವೇ, ಅಕ್ಷರ ಅಕ್ಷರವೂ ಅವೇ. ಕದ್ದ ಮಾಲು ಅಸಲಿ ಇತ್ತು ಎಂದು ಎದೆ ಹಗುರಾಯಿತು. ಹನ್ನೊಂದನೆಯದಕ್ಕೆ ಆ ಪ್ರಶ್ನೆ ಬಂತು.

ನಾಲ್ಕು ಉತ್ತರಗಳಲ್ಲಿ ಮೂವತ್ತೂ ಇತ್ತು, ಮೂವತ್ತೆರಡೂ ಇತ್ತು. ಅಪ್ಪ ಹೇಳಿದ ಸಾಲುಮನೆ ಕಣ್ಣ ಮುಂದೆ ಬಂತು. ಬೋರ್ಡಿನ ನಂಬರು, ಕೂಗುವ ನಂಬರು, ನಡುವಿನ ಮೂವತ್ತು ಮನೆ, ಅವುಗಳ ಮುಂದಿನ ತುಳಸಿಗಿಡ ಕೂಡ. ಅಪ್ಪ ಹೇಳಿದ್ದೇ ಸರಿ ಎಂದು ನನಗೆ ಆ ಗಳಿಗೆಯಲ್ಲಿ ಚೆನ್ನಾಗಿಯೇ ಗೊತ್ತಾಯಿತು. ಗೊತ್ತಾಗಿಯೂ ಧೈರ್ಯ ಬರಲಿಲ್ಲ. ಒಂದು ಕಡೆ ಗೋಡೆ ತುಂಬ ಫೋಟೋ ಇರುವ ಸಂಸ್ಥೆ, ಇನ್ನೊಂದು ಕಡೆ ಬೆರಳಿಟ್ಟು ಓದುವ ಅಪ್ಪ. ಫೇಲಾದರೆ ಸೀರೆ ಅಂಗಡಿ. ಮೂವತ್ತೆರಡು ಒತ್ತಿದೆ. ಅಂಥವು ಮತ್ತೆ ಆರೇಳು ಬಂದವು, ಎಲ್ಲಕ್ಕೂ ಪಟ್ಟಿಯ ಉತ್ತರವನ್ನೇ ಒತ್ತಿದೆ.

ಪಾಸಾದೆ. ಇನ್ನೊಂದು ಪ್ರಶ್ನೆ ಕೈಕೊಟ್ಟಿದ್ದರೆ ಇಲ್ಲ ಎನ್ನುವಷ್ಟು ಅಂಚಿನಲ್ಲಿ. ಅಲ್ಲಿಯೇ ಪ್ರಿಂಟು ತೆಗೆದು, ಸೀಲು ಒತ್ತಿ, ಒಂದು ಹಾಳೆ ಕೊಟ್ಟರು. ಯಾವ ವಿಷಯದಲ್ಲಿ ಶೇಕಡಾ ಎಷ್ಟು ಎಂದು ಅದರಲ್ಲಿ ಬೇರೆ ಬೇರೆಯಾಗಿ ಬರೆದಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಕೆಳಗಡೆ ಕಾಯುತ್ತಿದ್ದ ಅಪ್ಪ ಪಾಸೆಂಬ ಮಾತು ಕೇಳಿ ನನ್ನ ತಲೆ ಸವರಿ, ಹಾಳೆ ಇಸಿದುಕೊಂಡು, ಎಂದಿನಂತೆ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದ. ನಂಬರು ಹಂಚುವ ವಿಷಯದ ಮುಂದೆ ಸೊನ್ನೆ ಇತ್ತು. ಬೆರಳು ಅಲ್ಲಿ ನಿಂತಿತು.

“ಮೂವತ್ತೆರಡು ಬರದಿ” ಎಂದ.

ಹೂಂ ಎಂದೆ. ಮರೆತುಹೋಯಿತು ಎಂದು ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹೊಳೆಯಲಿಲ್ಲ. ಅಪ್ಪ ಹಾಳೆಯನ್ನು ನಾಲ್ಕಾಗಿ ಮಡಚದೆ, ಸುರುಳಿ ಸುತ್ತಿ, ಜೋಪಾನ ಎಂದು ನನ್ನ ಕೈಗೆ ಕೊಟ್ಟ. ನನಗೆ ಪಾಸಾದ ಖುಷಿಯೂ ಇತ್ತು, ಅಪ್ಪನ ಮುಖ ನೋಡಲಾಗದ ನಾಚಿಕೆಯೂ ಇತ್ತು.

ತಿಂಗಳೊಳಗೆ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ ಊರಿನ ಆ ತುದಿಗೆ ಹೋದೆ, ಕಟ್ಟಡವೆಲ್ಲ ಗಾಜು. ಎದುರು ಕೂತಿದ್ದ ಮೇಡಂ ಸರ್ಟಿಫಿಕೇಟನ್ನು ನೋಡಿ, ಇಂಥವನ್ನು ದಿನಕ್ಕೆ ಹತ್ತು ನೋಡುತ್ತೇನೆ ಎನ್ನುವ ಹಾಗೆ ಪಕ್ಕಕ್ಕಿಟ್ಟರು. ನನ್ನ ಕೈಗೆ ಮಾರ್ಕರ್ ಕೊಟ್ಟು ಬೋರ್ಡಿನ ಹತ್ತಿರ ನಿಲ್ಲಿಸಿದರು. ಮೂವತ್ತೆರಡು ನಂಬರು, ಎಷ್ಟು ಕಂಪ್ಯೂಟರು, ಯಾಕೆ ಎಂದು ಕೇಳಿದರು. ಯಾಕೆ ಎಂದು ಮೆಟೀರಿಯಲ್ಲಿನಲ್ಲಿ ಇರಲಿಲ್ಲ. ನಾನು ಬೋರ್ಡಿನ ಮೇಲೆ ಕ್ವಾರ್ಟರ್ಸಿನ ಸಾಲು ಬರೆದೆ. ಮೊದಲ ಮನೆಗೆ ಬೋರ್ಡು, ಕಡೆಯ ಮನೆಗೆ ಕೂಗು, ನಡುವೆ ಮೂವತ್ತು ಸಂಸಾರ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಮೊದಲ ಸಲ ನಕ್ಕು, ಇಷ್ಟು ಚೆನ್ನಾಗಿ ಯಾರು ಕಲಿಸಿದರು ಎಂದು ಕೇಳಿದರು.

ಅಪ್ಪ ಎನ್ನಬೇಕಿತ್ತು. ಆ ಗಾಜಿನ ಕೋಣೆಯಲ್ಲಿ, ಚಾಪೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ಓದುವ ರಿಟೈರ್ಡ್ ಟೆಕ್ನಿಷಿಯನ್ ಎನ್ನಲು ನನಗೆ ಬಾಯಿ ಬರಲಿಲ್ಲ. ಟಿಫಿನ್ ಸೆಂಟರಿನ ಮೇಲಿನ ಸಂಸ್ಥೆಯ ಹೆಸರು ಹೇಳಿದೆ. ಮೇಡಂ ಅದನ್ನು ಬರೆದುಕೊಂಡರು. ಕೆಲಸ ಸಿಕ್ಕಿತು.

ಮನೆಗೆ ಬಂದು ಹೇಳಿದಾಗ ಅವ್ವ ಸಕ್ಕರೆ ತರಲು ಒಳಗೆ ಓಡಿದಳು. ಅಪ್ಪನಿಗೆ ಕೆಲಸಕ್ಕಿಂತ ಪ್ರಶ್ನೆಯದೇ ಚಿಂತೆ. ಏನು ಕೇಳಿದರು, ಏನು ಹೇಳಿದೆ ಎಂದು ಎದುರಿಗೆ ಕೂಡಿಸಿಕೊಂಡು ವಿಚಾರಿಸಿದ. ಮೂವತ್ತು ಎಂದೆ, ಕ್ವಾರ್ಟರ್ಸಿನ ಸಾಲು ಬರೆದು ತೋರಿಸಿದೆ ಎಂದೆ. ಅಪ್ಪನ ಮುಖ ಅಷ್ಟು ಅರಳಿದ್ದನ್ನು ಕಾರ್ಖಾನೆ ಬಿಟ್ಟ ಮೇಲೆ ನಾನು ನೋಡಿರಲಿಲ್ಲ. ಕೂತಲ್ಲೇ ಸ್ವಲ್ಪ ಮುಂದೆ ಸರಿದ.

“ಯಾರು ಕಲಿಸ್ಯಾರ ಅಂತ ಕೇಳಿದರೇನವ್ವ?”

“ಇಲ್ಲಪ್ಪಾ” ಎಂದೆ. “ಅದೊಂದು ಕೇಳಲಿಲ್ಲ.”