ಅಮ್ಮ ಕೂತ ಮೇಲೆ ಬಿಗಿದ ಬೋಲ್ಟು

'ಈ ಕಾರು ತಿರುವಿನಲ್ಲಿ ಓಲಾಡದೆ ಹೋಗೋದಾ? ಈ ಜನ್ಮದಲ್ಲಿ ಆಗಲ್ಲ ಕಣೋ' ಎಂದವರು ನನ್ನ ಸೋದರಮಾವ ನಂಜುಂಡಪ್ಪ. 2004ರಲ್ಲಿ ವಿಜಯನಗರದ ಅವರ ಗ್ಯಾರೇಜಿನಲ್ಲಿ ನಾನು ಕೆಲಸಕ್ಕಿದ್ದೆ. ನಮ್ಮ ಮನೆತನದ ಮೊದಲ ಪದವಿ ನನ್ನದು, ಮೆಕ್ಯಾನಿಕಲ್ ಬಿ.ಇ., ಎರಡು ಸಲ ಫೇಲಾಗಿ, ರಜೆಯಲ್ಲೆಲ್ಲ ಸ್ಪ್ಯಾನರ್ ಹಿಡಿದು ಪಡೆದದ್ದು.

ಕಾರು ಬಸವೇಶ್ವರನಗರದ ದಂತವೈದ್ಯ ಶ್ರೀಧರ್ ಅವರದು. ಅರವತ್ತರ ದಶಕದ, ಎರಡೇ ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ನಿಂತರೆ ಮದುಮಗ, ತಿರುಗಿದರೆ ಹುಲ್ಲಿನ ಗಾಡಿ. ಭಾನುವಾರ ಹಳೆಯ ಕಾರುಗಳ ಸ್ಪರ್ಧೆ: ಸಾಲಾಗಿಟ್ಟ ಕೋನ್‌ಗಳ ನಡುವೆ ಒಂದನ್ನೂ ಬೀಳಿಸದೆ ವೇಗವಾಗಿ ಓಡಿಸಬೇಕು.

'ಸರಿ ಮಾಡಿದ್ರೆ ಗ್ಯಾರೇಜ್ ಬೋರ್ಡ್ ಮೇಲೆ ನಿನ್ನ ಹೆಸರು, ಬಿ.ಇ. ಸಮೇತ ಬರೆಸ್ತೀನಿ. ಇಲ್ದಿದ್ರೆ ಡಿಗ್ರಿ ಸುದ್ದಿ ಎತ್ಬಾರ್ದು' ಎಂದರು ಮಾವ.

ಸವೆದ ಶಾಕ್ ಅಬ್ಸಾರ್ಬರ್ ತೆಗೆದು, ಗ್ಯಾಸ್ ತುಂಬಿದ ಹೊಸವನ್ನು ಕೂರಿಸಿದೆ. ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಆಂಟಿ-ರೋಲ್ ಬಾರ್ ದಪ್ಪದ್ದು ಹಾಕಿದೆ. ಕೀಲುಗಳಿಗೆಲ್ಲ ಹೊಸ ರಬ್ಬರ್ ಬುಷ್. ಕೊನೆಗೆ ಆ ಬುಷ್ ಹಿಡಿದಿಡುವ ಬೋಲ್ಟುಗಳನ್ನು ಮಾವ ಗ್ಯಾರೇಜಿನ ರೂಢಿಯಂತೆ, ಕಾರು ಜಾಕಿನ ಮೇಲಿದ್ದಾಗಲೇ ಬಿಗಿದರು. ಚಂದ್ರಾ ಲೇಔಟಿನ ಮೊದಲ ರೋಡ್ ಹಂಪಿನಲ್ಲೇ ಕಾರು ಮೊಲದಂತೆ ನೆಗೆಯಿತು.

'ಹೇಳಿರ್ಲಿಲ್ವಾ, ಇಂಜಿನಿಯರ್ ಸಾಹೇಬ್ರೇ?'

ಶನಿವಾರ ಕಾರಣ ಹೊಳೆಯಿತು. ಗಾಲಿ ಜೋತುಬಿದ್ದಾಗ ಬಿಗಿದರೆ, ಕಾರು ನೆಲಕ್ಕಿಳಿದೊಡನೆ ಬುಷ್‌ನ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು, ಹಂಪು ಸಿಕ್ಕಾಗ ಕಾರನ್ನು ಮೇಲಕ್ಕೆ ಒದೆಯುತ್ತದೆ. ಬಿಗಿಯಬೇಕಾದದ್ದು ಗಾಲಿ ನೆಲದ ಮೇಲಿದ್ದು, ಸೀಟಿನಲ್ಲಿ ಜನ ಕೂತಾಗ.

ಕಾರಿನಡಿ ನಿಂತು ಕೆಲಸ ಮಾಡಲೆಂದು ತೋಡಿದ ಗ್ಯಾರೇಜಿನ ಗುಂಡಿಯ ಮೇಲೆ ಕಾರನ್ನು ನಿಲ್ಲಿಸಿ ಬೋಲ್ಟುಗಳನ್ನು ಸಡಿಲಿಸಿದೆ. ಸ್ಟಿಯರಿಂಗ್ ಮುಂದೆ ಮಾವನನ್ನೇ ಕೂರಿಸಿದೆ. ಪಕ್ಕದ ಸೀಟಿಗೆ, ಊಟದ ಕ್ಯಾರಿಯರ್ ತಂದ ಅಮ್ಮ ಸಿಕ್ಕಳು.

'ಅಲ್ಲಾಡ್ಬೇಡಮ್ಮ' ಎಂದು ಗುಂಡಿಗಿಳಿದೆ.

'ಕಾರಲ್ಲಿ ಕೂರ್ಸಿ ಎಲ್ಲಿಗೂ ಕರ್ಕೊಂಡು ಹೋಗ್ದೇ ಇರೋ ಮಗ ನೀನೊಬ್ನೇ ಕಣೋ!'

'ಅಕ್ಕಾ, ನೀನು ಕೂತಿದ್ದೇ ಕಾರು ನಿನ್ನ ಕಡೆ ವಾಲ್ತು' ಎಂದರು ಮಾವ.

'ಊಟ ಬೇಕೋ ಬೇಡ್ವೋ ನಿಂಗೆ?'

ನಗು ತಡೆಯುತ್ತಾ ಕೆಳಗಿನಿಂದ ಒಂದೊಂದೇ ಬೋಲ್ಟು ಬಿಗಿದೆ. ಸಂಜೆ ಅದೇ ಹಂಪನ್ನು ಕಾರು ಸದ್ದಿಲ್ಲದೆ ದಾಟಿತು. ಭಾನುವಾರ ಡಾಕ್ಟರು ಒಂದೂ ಕೋನ್ ಬೀಳಿಸದೆ ಮೊದಲಿಗರಾದರು.

ಯಾವ ಕೀಲನ್ನೂ ಅದು ಹೊರಬೇಕಾದ ಭಾರ ಹೊತ್ತಾಗಲೇ ಬಿಗಿಯಬೇಕು. ಓದಿದ್ದು ಪುಸ್ತಕದಲ್ಲಿ, ಕಲಿತದ್ದು ಆ ಗುಂಡಿಯಲ್ಲಿ.

ಸೋಮವಾರ ಡಾಕ್ಟರು ಗ್ಯಾರೇಜಿಗೇ ಬಂದು ಸ್ಪರ್ಧೆಯ ಸರ್ಟಿಫಿಕೇಟನ್ನು ನನ್ನ ಕೈಗಿತ್ತರು. 'ಕಾರು ಸಿದ್ಧಪಡಿಸಿದವರು: ರಾಜಣ್ಣ, ಬಿ.ಇ.' ಎಂದಿತ್ತು. ಮಾವ ಅದನ್ನು ಎರಡು ಸಲ ಓದಿ, ಬೋರ್ಡ್ ಬರೆಯುವವನಿಗೆ ಫೋನ್ ಹಚ್ಚಿದರು. ಅಂದೂ ಕ್ಯಾರಿಯರ್ ತಂದಿದ್ದ, ಓದು ಬಾರದ ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದಳು:

'ನನ್ನ ತೂಕ ಎಷ್ಟೂಂತ ಇದ್ರಲ್ಲಿ ಬರ್ದಿಲ್ಲ ತಾನೇ?'