ಕೋಫ್ತಾ ಪಾತ್ರೆಯ ಮುಚ್ಚಳ

ಬೆಳಗ್ಗೆ ಒಂಬತ್ತರಿಂದ ನಮ್ಮ ಅಡುಗೆಮನೆಯಲ್ಲಿ ಒಂದು ಪಾತ್ರೆ ಸದ್ದಿಲ್ಲದೆ ಬೇಯುತ್ತಿದೆ. ಸದ್ದಿಲ್ಲದೆ ಅಂದೆನಲ್ಲ, ಅದೇ ಅದರ ದೊಡ್ಡ ಉಪದ್ರವ. ವಿಸಲ್ ಇಲ್ಲ, ಕೊತಕೊತ ಇಲ್ಲ, ಒಗ್ಗರಣೆಯ ಚಟಪಟ ಇಲ್ಲ. ಕಟ್ಟೆಯ ಮೇಲೆ ಕೂತಿರುವ ಕರೆಂಟಿನ ಸ್ಲೋ ಕುಕ್ಕರ್ ಅದು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ತಿರುಗಿಸಲು ಒಂದು ಗುಂಡಿ. ಗಾಜಿನ ಒಳಮೈಯೆಲ್ಲ ಹನಿಗಟ್ಟಿದೆ, ಒಳಗಿನದು ಏನೂ ಕಾಣುವುದಿಲ್ಲ. ಟೊಮ್ಯಾಟೊ, ಬೆಳ್ಳುಳ್ಳಿ, ಕೊಚ್ಚಿದ ಮಾಂಸದ ಖೀಮಾ ಸೇರಿದ ವಾಸನೆ ಮಾತ್ರ ಕೆ.ಆರ್. ಪುರದ ನನ್ನ ಎರಡು ಕೋಣೆಯ ಮನೆಯನ್ನು ದಾಟಿ ಎದುರುಮನೆಯವರ ಬಾಗಿಲವರೆಗೂ ಹೋಗಿಬಂದಿದೆ.

ನನ್ನ ಕೆಲಸ ಕರಡು ತಿದ್ದುವುದು. ಶಾಲಾ ಪುಸ್ತಕಗಳ ಹಾಳೆಗಳನ್ನು ಮುಂದಿಟ್ಟುಕೊಂಡು ಬೇರೆಯವರ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುವುದು. ಇವತ್ತು ಬೆಳಗಿನಿಂದ ಒಂದು ಹಾಳೆಯೂ ಮುಗಿದಿಲ್ಲ. ಕಣ್ಣು ಹಾಳೆಯ ಮೇಲಿದ್ದರೂ ಮನಸ್ಸು ಆ ಮುಚ್ಚಳದ ಮೇಲಿದೆ. ತೆಗೆದು ನೋಡೋಣ ಎಂದರೆ ಆಗುವುದಿಲ್ಲ. ಮುಚ್ಚಳದ ಸುತ್ತ ನಾನೇ ಗೋಧಿ ಹಿಟ್ಟಿನ ಪಟ್ಟಿ ಹಚ್ಚಿ ಮೊಹರು ಮಾಡಿದ್ದೇನೆ. ಈ ಯಂತ್ರ ಮಾಡಿದವರು ಯಾರಾದರೂ ಇದನ್ನು ನೋಡಿದರೆ ಎದೆ ಹಿಡಿದುಕೊಂಡಾರು! ಆದರೆ ಆ ಹಿಟ್ಟಿಗೊಂದು ಹಿನ್ನೆಲೆ ಇದೆ. ನೀವು ಹೇಗೂ ಬಂದಿದ್ದೀರಿ, ಪಾತ್ರೆ ಇಳಿಯುವುದಕ್ಕೂ ಹೊತ್ತಿದೆ, ಕೂತು ಕೇಳಿ.

ಕೆಲವು ವರ್ಷಗಳ ಹಿಂದೆ ನಾನು ಫ್ರೇಜರ್ ಟೌನಿನ ಒಂದು ಅಡ್ಡರಸ್ತೆಯಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದೆ. ಕೆಳಗೆ ಮನೆಯ ಒಡತಿ ಶಹನಾಜ್ ಆಪಾ, ಅವರ ಯಜಮಾನರು, ಮಗ, ಸೊಸೆ. ಯಜಮಾನರನ್ನು ಮನೆಯವರೆಲ್ಲ ಅಬ್ಬಾ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಶಿವಾಜಿನಗರದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಪೇಪರು, ನಮಾಜು, ಬೆಕ್ಕುಗಳಿಗೆ ಹಾಲು, ಹೀಗೆ ಕಾಲ ಕಳೆಯುವ ಮೆದುಮಾತಿನ ಮನುಷ್ಯ. ಆಪಾ ಹಾಗಲ್ಲ. ಅವರ ದನಿ ಗೇಟಿನ ತನಕ ಕೇಳಿಸುತ್ತಿತ್ತು. ಆ ಬೀದಿಯಲ್ಲಿ ಅವರ ಕೋಫ್ತಾಕ್ಕೆ ಬಹಳ ಹೆಸರು. ಖೀಮಾಕ್ಕೆ ಹುರಿಗಡಲೆ ಪುಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಮುಷ್ಟಿ ತುಂಬ ಪುದೀನಾ ಹಾಕಿ ಉಂಡೆ ಕಟ್ಟಿದರೆಂದರೆ ಮುಗಿಯಿತು. ಮಹಡಿಯಲ್ಲಿ ನನಗೆ ಕೆಲಸ ಸಾಗುತ್ತಿರಲಿಲ್ಲ, ಯಾವುದಾದರೂ ನೆಪ ಮಾಡಿಕೊಂಡು ಕೆಳಗಿಳಿಯುತ್ತಿದ್ದೆ.

"ಏನ್ ಮಾ, ಸಕ್ಕರೆ ಬೇಕಿತ್ತಾ?" ಎಂದು ಆಪಾ ಕೇಳುತ್ತಿದ್ದರು. "ಸಕ್ಕರೆ ಡಬ್ಬ ತಂದಿದೀಯ, ತಟ್ಟೆ ಯಾಕೆ ತಂದಿದೀಯ?"

ಸೊಸೆ ಆಯೇಷಾ ತುಮಕೂರಿನವಳು. ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸದಲ್ಲಿದ್ದಳು. ಆ ಕೆಲಸದ ಮಾತು ಬಂದರೆ ಅವಳ ಮುಖ ಅರಳುತ್ತಿತ್ತು. ಹೊರಗಿನಿಂದ ಒಂದೇ ಥರ ಕಾಣುವ ಎರಡು ಹನಿ ರಕ್ತ ಒಳಗೆ ಹೇಗೆ ಬೇರೆಬೇರೆ ಎಂದು ನನಗೆ ಮೆಟ್ಟಿಲ ಮೇಲೆ ಕೂತು ವಿವರಿಸುತ್ತಿದ್ದಳು. ನನಗೋ ಎಲ್ಲದರಲ್ಲೂ ಕುತೂಹಲ. ಇಬ್ಬರಿಗೂ ಚೆನ್ನಾಗಿ ಹೊಂದಿತು. ಮದುವೆಯಾಗಿ ವರ್ಷ ಕಳೆದ ಮೇಲೆ ಇಂದಿರಾನಗರದ ಒಂದು ಲ್ಯಾಬಿನವರು ಅವಳನ್ನು ಕರೆದರು. ಎರಡು ದಿನ ಬಂದು ಕೆಲಸ ಮಾಡಿ ನೋಡಿ, ಮೂರನೆಯ ದಿನ ಸೇರುತ್ತೀರೋ ಇಲ್ಲವೋ ಹೇಳಿ ಅಂದರು.

ಆಪಾ ಬೇಡ ಎನ್ನಲಿಲ್ಲ. ಆದರೆ ಹೇಳಬೇಕಾದ್ದನ್ನು ಹೇಳಿದರು.

"ಸಂಜೆ ಮಗ್ರಿಬ್ ನಮಾಜ್ ಆದ್ಮೇಲೆ ಎಲ್ರೂ ಒಟ್ಟಿಗೆ ಕೂತು ಬಿಸಿ ಬಿಸಿ ತಿನ್ನೋದು ಈ ಮನೆ ಪದ್ಧತಿ. ನನ್ನ ಕೈ ಗಂಟು ನೋವು ಇನ್ನು ದಿನಾ ಅಡುಗೆ ಮಾಡೋಕೆ ಬಿಡಲ್ಲ. ಸಂಜೆ ಊಟ ಟೈಮಿಗೆ ಬಂತಾ, ಹೋಗು. ಬರ್ಲಿಲ್ವಾ, ನಕ್ಕೋ." ನಕ್ಕೋ ಎಂದರೆ ಬೇಡ. ಆಪಾ ನಕ್ಕೋ ಅಂದ ಮೇಲೆ ಮೇಲ್ಮನವಿ ಇರಲಿಲ್ಲ.

ಆಗ ಹೊರಬಂತು ಈ ಸ್ಲೋ ಕುಕ್ಕರ್. ಆಯೇಷಾಳ ಅಣ್ಣ ದುಬೈನಿಂದ ತಂದು ಮದುವೆಗೆ ಕೊಟ್ಟಿದ್ದು, ಅಲ್ಲಿಯವರೆಗೆ ಅಟ್ಟದ ಮೇಲಿತ್ತು. ಬೆಳಗ್ಗೆ ಕೋಫ್ತಾ ಉಂಡೆ, ಟೊಮ್ಯಾಟೊ ಗೊಜ್ಜು ಹಾಕಿ ಮುಚ್ಚಿಟ್ಟರೆ ಸಂಜೆಯ ತನಕ ಮೆಲ್ಲಗೆ ಬೇಯುತ್ತದೆ. ಕೊನೆಗೆ ಪಾಸ್ತಾ ಹಾಕಿದರೆ ಅದೂ ಅದೇ ಗೊಜ್ಜಿನಲ್ಲಿ ಬೆಂದು ಊಟ ಸಿದ್ಧ. ಫೋನಿನಲ್ಲಿ ನೋಡಿ ಕಲಿತಿದ್ದಳು. ಪಾಸ್ತಾಕ್ಕೆ ಹೊಂದಲಿ ಎಂದು ಪುದೀನಾ ಬಿಟ್ಟಳು. ಅಷ್ಟಕ್ಕೇ ಆಪಾರ ಹುಬ್ಬು ಮೇಲಕ್ಕೆ ಹೋಯಿತು.

"ನಾನು ಆ ಮೆಷಿನ್‌ಗೆ ಕೈ ಹಚ್ಚಲ್ಲ. ಅಲ್ಲಾ ಕಸಮ್, ಅದರ ಕಡೆ ನೋಡೋದೂ ಇಲ್ಲ," ಎಂದರು.

ಮೊದಲ ದಿನ ಬೆಳಗ್ಗೆ ಆಯೇಷಾ ಒಂದು ಬಟ್ಟಲು ಪಾಸ್ತಾ ಹಿಡಿದು ಮಹಡಿ ಹತ್ತಿ ಬಂದಳು. ಇಷ್ಟಿಷ್ಟುದ್ದದ ಕೊಳವೆಗಳು. ನನಗೆ ಕೂಡಲೇ ನಮ್ಮೂರು ಕಲಬುರಗಿ ಕಡೆಯ ಸೌತಿಬೀಜ ನೆನಪಾಯಿತು. ಅಮ್ಮ ನಾದಿದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ಸೌತೆಬೀಜದಷ್ಟು ಸಣ್ಣಗೆ ಉದುರಿಸಿ, ಒಣಗಿಸಿ, ಪಾಯಸ ಮಾಡುತ್ತಿದ್ದಳು. ಅದು ಕುದಿಯುವಾಗ ಮುಚ್ಚಳ ಪಾತ್ರೆಯ ಮೇಲಿದ್ದದ್ದಕ್ಕಿಂತ ಅವಳ ಕೈಯಲ್ಲಿದ್ದದ್ದೇ ಹೆಚ್ಚು. "ತೆರದ ನೋಡಲಾರ್ದ ಹ್ಯಾಂಗ ತಿಳೀತದವ್ವಾ?" ಎನ್ನುತ್ತಿದ್ದಳು. ಆವಿಗೆ ಮೂಗೊಡ್ಡಿಯೇ ಬೆಲ್ಲ ಸಾಲದು ಎಂದು ಹೇಳುವವಳು. ನಾನು ಆ ತಾಯಿಯ ಮಗಳು, ಇದನ್ನು ದಯವಿಟ್ಟು ನೆನಪಿಡಿ.

"ಅಕ್ಕಾ, ಐದೂವರೆಗೆ ಒಂದೇ ಒಂದ್ಸಲ ಮುಚ್ಚಳ ತೆಗ್ದು ಇದನ್ನ ಹಾಕಿ, ಗುಂಡಿ ತಿರುಗಿಸಿ ಉರಿ ಜಾಸ್ತಿ ಮಾಡಿ, ಮುಚ್ಬಿಡಿ," ಎಂದಳು ಆಯೇಷಾ. "ಅಲ್ಲೀವರೆಗೂ ತೆಗೀಬೇಡಿ. ಒಂದ್ಸಲ ತೆಗೆದ್ರೆ ಒಳಗಿನ ಬಿಸಿ ಎಲ್ಲಾ ಹೋಗ್ಬಿಡತ್ತೆ, ಮತ್ತೆ ಬಿಸಿಯಾಗೋಕೆ ಅರ್ಧ ಗಂಟೆ ಬೇಕು."

"ನಾನ್ಯಾಕೆ ತೆಗೀಲಿ ತಾಯಿ? ಮಗುನಾ ನಾನು?" ಎಂದೆ ಗತ್ತಿನಿಂದ.

ಹತ್ತೂವರೆಗೆ ಹಿಂಬಾಗಿಲಿಂದ ಕೆಳಗಿನ ಅಡುಗೆಮನೆಗೆ ಹೋದೆ. ಸುಮ್ಮನೆ, ಕರೆಂಟು ಇದೆಯೋ ಇಲ್ಲವೋ ನೋಡಲು. ಕುಕ್ಕರಿನ ಪುಟ್ಟ ದೀಪ ಉರಿಯುತ್ತಿತ್ತು. ಆದರೆ ಸದ್ದೇ ಇಲ್ಲ! ಸತ್ತಿದೆಯೋ ಬದುಕಿದೆಯೋ ತಿಳಿಯುವುದು ಹೇಗೆ? ಮುಚ್ಚಳ ಎತ್ತಿದೆ. ಬೆಚ್ಚಗಿತ್ತು, ಅಷ್ಟೆ. ಹನ್ನೊಂದೂವರೆಗೆ ಟೊಮ್ಯಾಟೊ ತಳ ಹಿಡಿದರೆ ಎಂದು ಭಯವಾಯಿತು, ಎತ್ತಿದೆ. ಹನ್ನೆರಡೂವರೆಗೆ ಸೌಟಿನಿಂದ ಒಂದು ಉಂಡೆಯನ್ನು ಮಗುಚಿದೆ. ಆಮೇಲೆ ಭಯವೂ ಬೇಕಾಗಲಿಲ್ಲ, ಅಭ್ಯಾಸವೇ ಆಗಿಬಿಟ್ಟಿತು. ಎಂಟು ಸಲವೋ ಒಂಬತ್ತು ಸಲವೋ. ಪ್ರತಿಸಲವೂ ಇದೇ ಕೊನೆ ಎಂದುಕೊಂಡೆ. ಬೇರೆಯವರ ಬರಹದಲ್ಲಿ ಒಂದು ದೀರ್ಘ ತಪ್ಪಿದರೆ ಬಿಡದವಳು ನಾನು.

ಸಂಜೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಆಯೇಷಾ ಇಂದಿರಾನಗರದಿಂದ ಓಡೋಡಿ ಬಂದಿದ್ದಳು, ಬುರ್ಖಾ ತೆಗೆಯುವಾಗಲೂ ಲ್ಯಾಬಿನ ಮಾತೇ. ಅಬ್ಬಾ ನಮಾಜು ಮುಗಿಸಿ ಬಂದು ಕೂತರು. ಮಗ ಅವತ್ತು ಅಂಗಡಿಯಲ್ಲೇ ಉಳಿದಿದ್ದ. ನೆಲಕ್ಕೆ ಊಟದ ಬಟ್ಟೆ ದಸ್ತರ್‌ಖಾನ್ ಹಾಸಿ ಪಾತ್ರೆ ತಂದಿಟ್ಟರು. ಆಯೇಷಾ ಬಡಿಸಿ, ಒಂದು ಉಂಡೆಯನ್ನು ಚಮಚದಿಂದ ಮುರಿದಳು. ಒಳಗೆ ಹಸಿಹಸಿ, ಗುಲಾಬಿ ಬಣ್ಣ. ಪಾಸ್ತಾ ಕಡ್ಡಿಯಂತೆ ಕಟಕ್ ಎಂದಿತು.

"ಯಾರೂ ತಿನ್ಬೇಡಿ," ಎಂದಳು. ಚಮಚ ಕೆಳಗಿಟ್ಟಳು.

ಆಪಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಮೆಲ್ಲಗೆ ಹೇಳಿದರು: "ನೋಡು ಬೇಟಿ, ಮೆಷಿನ್ ಮೇಲೆ ಮನೆ ಬಿಟ್ಟು ಹೋಗಕ್ಕಾಗಲ್ಲ. ನಾಳೆ ಹೋಗ್ಬೇಡ. ಫೋನ್ ಮಾಡಿ ಆಗಲ್ಲ ಅಂತ ಹೇಳ್ಬಿಡು."

ಆಯೇಷಾ ತಲೆ ತಗ್ಗಿಸಿ "ಸರಿ ಅಮ್ಮೀ" ಎಂದಳು. ನಾನು ಏನು ಮಾಡಿದೆ ಗೊತ್ತೇ? ನೀರು ಕುಡಿದೆ. ಲೋಟ ಕೆಳಗಿಟ್ಟು ಮತ್ತೆ ಕುಡಿದೆ. ಈಗ ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಅವಳ ಕೆಲಸ ಹೋಗುತ್ತದೆ. ಇಷ್ಟು ಸುಲಭದ ಲೆಕ್ಕಕ್ಕೆ ನನಗೆ ಎರಡು ಲೋಟ ನೀರು ಬೇಕಾಯಿತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

"ಆಪಾ, ತಪ್ಪು ಮೆಷಿನ್‌ದಲ್ಲ, ನಂದು," ಎಂದೆ. "ನಾನು ಮುಚ್ಚಳ ತೆಗ್ದು ತೆಗ್ದು ನೋಡ್ದೆ."

"ಎಷ್ಟು ಸಲ?" ಆಯೇಷಾ ಕೇಳಿದಳು.

"ಎಂಟು... ಒಂಬತ್ತಿರಬಹುದು."

"ಅಕ್ಕಾ!" ಅವಳ ಕಣ್ಣಲ್ಲಿ ನೀರಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. "ನನ್ನ ಕೆಲ್ಸ ಅದು. ನಿಮಗೆ ತಮಾಷೆ ಆಯ್ತಾ?"

ಆಪಾ ಸಿಕ್ಕಿದ್ದೇ ಅವಕಾಶವೆಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಓದಿದವಳು, ಇಷ್ಟು ದೊಡ್ಡವಳು, ಹೇಳಿದ ಮಾತು ಕೇಳಬಾರದಾ ಎಂದು ಶುರುವಾಯಿತು. ಅಷ್ಟರಲ್ಲಿ ಆಯೇಷಾ ತನ್ನ ತಟ್ಟೆಯೊಳಗಿಂದ ಏನನ್ನೋ ಬೆರಳ ತುದಿಯಲ್ಲಿ ಎತ್ತಿ ಹಿಡಿದಳು. ಹಸಿರಾದ ಒಂದು ಎಲೆ.

"ನಾನು ಪುದೀನಾ ಹಾಕಿರ್ಲಿಲ್ಲ," ಎಂದಳು.

ಆಪಾರ ಮಾತು ಅರ್ಧಕ್ಕೇ ನಿಂತಿತು. ಎಲ್ಲರೂ ಆ ಎಲೆಯನ್ನೇ ನೋಡಿದೆವು. ಅಬ್ಬಾ ಕೆಮ್ಮಿದರು.

"ಒಂದೇ ಸಲ," ಎಂದರು ಆಪಾ. ಎಲೆಯ ಕಡೆ ಮತ್ತೊಮ್ಮೆ ನೋಡಿ, "ಎರಡು ಸಲ. ಪುದೀನಾ ಇಲ್ದೆ ಅದು ಏನ್ ಕೋಫ್ತಾ? ನನ್ನ ಕೈ ಕೇಳ್ಬೇಕಲ್ಲ!"

"ನಾನು ಮೂರು ಸಲ ವಾಸನೆ ನೋಡ್ದೆ, ಅಷ್ಟೇ," ಎಂದರು ಅಬ್ಬಾ, ಗೋಡೆಯ ಕಡೆ ನೋಡುತ್ತ. "ಬೇರೆ ಏನೂ ಮಾಡಿಲ್ಲ."

ನಗು ಬರಬೇಕಾದ ಹೊತ್ತು. ಆದರೆ ಆಯೇಷಾ ನಗಲಿಲ್ಲ. ಅತ್ತೆಯ ಕಡೆ ನೇರವಾಗಿ ತಿರುಗಿ ಕೇಳಿದಳು: "ಅಮ್ಮೀ, ನೀವು ಬಿರಿಯಾನಿ ದಮ್ ಇಟ್ಟಾಗ ಆ ಹಂಡೆ ಮುಚ್ಚಳ ಯಾರಾದ್ರೂ ತೆಗೀತಾರಾ?"

"ತೌಬಾ! ಯಾರಿಗಿದೆ ಧೈರ್ಯ?" ಆಪಾ ಸಿಡಿದರು. "ದಮ್ ಇಟ್ಮೇಲೆ ಮುಗೀತು. ಸುತ್ತ ಹಿಟ್ಟು ಹಚ್ಚಿ ಮುಚ್ಚಿರ್ತೀವಿ. ಒಳಗೆ ಏನಾಗತ್ತೋ ಆಗ್ಲಿ, ಟೈಮ್ ಆಗೋವರ್ಗೂ ಯಾರೂ..."

ಅಲ್ಲಿಗೆ ನಿಂತರು. ಅಡುಗೆಮನೆಯ ಕಟ್ಟೆಯ ಮೇಲಿದ್ದ ಕುಕ್ಕರಿನ ಕಡೆ ನೋಡಿದರು. ಈ ಯಂತ್ರ ಬಂದಾಗಿನಿಂದ ಅವರು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು ಅನ್ನಿಸುತ್ತದೆ. ಆಮೇಲೆ ಸೊಸೆಯ ಕಡೆ ತಿರುಗಿ, "ನಾಳೆ ಅವ್ರಿಗೆ ಫೋನ್ ಮಾಡ್ಬೇಡ. ಕೆಲ್ಸಕ್ಕೆ ಹೋಗು," ಎಂದರು. ಆ ಸಂಜೆ ನಮ್ಮೆಲ್ಲರ ಊಟ ಬೀದಿ ಕೊನೆಯ ಹೋಟೆಲಿನ ಪರೋಟಾ.

ಮರುದಿನ ಬೆಳಗ್ಗೆ ಅಬ್ಬಾ ಯಾರೂ ಹೇಳದೆ ಶಿವಾಜಿನಗರಕ್ಕೆ ಹೋಗಿ ಹೊಸ ಖೀಮಾ ತಂದರು. ಆಯೇಷಾ ಎಲ್ಲವನ್ನೂ ಜೋಡಿಸಿ ಮುಚ್ಚಳ ಇಟ್ಟಳು. ಆಮೇಲೆ ಆಪಾ ಬಂದರು, ಕೈಯಲ್ಲಿ ಉದ್ದಕ್ಕೆ ಹೊಸೆದ ಗೋಧಿ ಹಿಟ್ಟು. ನೋಯುವ ಬೆರಳುಗಳಿಂದಲೇ ಮುಚ್ಚಳದ ಸುತ್ತ ಒತ್ತಿ ಒತ್ತಿ ಹಚ್ಚಿದರು, ಉಗಿ ಹೋಗಲು ಒಂದು ಕಡೆ ಬೆರಳಷ್ಟು ಜಾಗ ಬಿಟ್ಟರು.

"ಈಗ ಇದು ದಮ್," ಎಂದು ನನ್ನ ಮತ್ತು ಅಬ್ಬಾರ ಕಡೆ ತಿರುಗಿದರು. "ಯಾರು ಮುಟ್ತಾರೋ ನೋಡ್ತೀನಿ."

ಆ ದಿನ ನಾವು ಮೂವರೂ ಅಡುಗೆಮನೆಯಲ್ಲೇ ಕೂತಿದ್ದೆವು, ಒಬ್ಬರ ಮೇಲೊಬ್ಬರು ಕಣ್ಣಿಟ್ಟು. ನನಗೆ ಒಂದು ವಿಚಿತ್ರ ಹೊಳೆಯಿತು. ಹಿಂದಿನ ದಿನ ಇದೇ ಪಾತ್ರೆ ನನ್ನನ್ನು ಅಷ್ಟು ಕಾಡಿತ್ತಲ್ಲ, ಹಿಟ್ಟು ಹಚ್ಚಿದ ಮೇಲೆ ಕಾಡಲಿಲ್ಲ. ತಿಳಿಯುವ ಆಸೆ ಹೋಗಿರಲಿಲ್ಲ, ಆದರೆ ಕಾಯಬಹುದು ಅನ್ನಿಸಿತು. ಐದೂವರೆಗೆ ಆಪಾ ಚಾಕುವಿನಿಂದ ಮೊಹರು ಒಡೆದು ಮುಚ್ಚಳ ಎತ್ತಿದರು. ಉಗಿ ಅವರ ಕನ್ನಡಕವನ್ನು ಮುಚ್ಚಿತು. "ಅರೆ!" ಎಂದರು. ಪಾಸ್ತಾ ಅವರೇ ಸುರಿದರು.

ರಾತ್ರಿಯೂಟಕ್ಕೆ ಕೋಫ್ತಾ ಬಾಯಲ್ಲಿಟ್ಟರೆ ಕರಗುತ್ತಿತ್ತು. ಅಬ್ಬಾ ಮೂರು ಸಲ ಹಾಕಿಸಿಕೊಂಡರು. ಆಯೇಷಾ ಮಾತ್ರ ಒಂದು ತುತ್ತೂ ಬಾಯಿಗಿಡದೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಆಪಾ ನಿಧಾನವಾಗಿ ಅಗಿದರು, ನುಂಗಿದರು, ನೀರು ಕುಡಿದರು.

"ಉಪ್ಪು ಕಮ್ಮಿ," ಎಂದರು. "ನಾಳೆಯಿಂದ ಸ್ವಲ್ಪ ಜಾಸ್ತಿ ಹಾಕಿ ಹೋಗು."

ಆಯೇಷಾ ಈಗಲೂ ಅದೇ ಲ್ಯಾಬಿನಲ್ಲಿದ್ದಾಳೆ, ಅವಳ ಕೈಕೆಳಗೆ ನಾಲ್ಕು ಜನರಿದ್ದಾರೆ. ನಾನು ಮನೆ ಬದಲಾಯಿಸುವಾಗ, ತನಗೆ ದೊಡ್ಡದು ಬಂದಿದೆಯೆಂದು ಈ ಹಳೆಯ ಕುಕ್ಕರನ್ನು ನನಗೆ ಕೊಟ್ಟಳು. "ಅಕ್ಕಾ, ಹಿಟ್ಟು ಹಚ್ಚೋದು ಮರೀಬೇಡಿ," ಎಂದು ನಕ್ಕಳು. ಅವಳ ಸಿಟ್ಟು ಪೂರ್ತಿ ಇಳಿದದ್ದು ಅವತ್ತೇ ಇರಬೇಕು. ಇವತ್ತು ಅವರನ್ನೆಲ್ಲ ಮೊದಲ ಸಲ ಈ ಮನೆಗೆ ಊಟಕ್ಕೆ ಕರೆದಿದ್ದೇನೆ.

ಇಷ್ಟು ಹೇಳುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಆಪಾ! ಒಬ್ಬರೇ, ಆಟೋದಲ್ಲಿ, ಎರಡು ಗಂಟೆ ಮುಂಚೆ. ಬುರ್ಖಾ ಕೂಡ ತೆಗೆಯದೆ ವಾಸನೆಯ ಜಾಡು ಹಿಡಿದು ನೇರ ಅಡುಗೆಮನೆಗೆ ನಡೆದರು. ಹಿಟ್ಟಿನ ಪಟ್ಟಿಯನ್ನು ಸುತ್ತಲೂ ಒತ್ತಿ ನೋಡಿ, ಎಲ್ಲೂ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಬೆನ್ನು ತಟ್ಟಿದರು. ಆಮೇಲೆ ಅಲ್ಲೇ ನಿಂತರು. ಐದೂವರೆ ಆಗುತ್ತ ಬಂದಿತ್ತು. ಬೆರಳು ಹಿಟ್ಟಿನ ಮೇಲೇ ಇತ್ತು.

"ಚಾಕು ಕೊಡ್ಲಾ ಆಪಾ?" ಎಂದೆ. ನನಗೂ ತಡೆಯಲಾಗುತ್ತಿರಲಿಲ್ಲ. "ಪಾಸ್ತಾ ಹಾಕೋ ಟೈಮ್ ಆಯ್ತು."

ಆಪಾ ಗಡಿಯಾರ ನೋಡಿದರು, ಪಾತ್ರೆ ನೋಡಿದರು. ಬೆರಳು ಹಿಂದೆಗೆದುಕೊಂಡು ಕುರ್ಚಿ ಎಳೆದು ಕೂತರು.

"ಬೇಡ ಮಾ," ಎಂದರು. "ಊಟ ಲೇಟ್ ಆದ್ರೆ ಆಗ್ಲಿ. ಆಯೇಷಾ ಡ್ಯೂಟಿ ಮುಗಿಸ್ಕೊಂಡು ಬರ್ಲಿ. ಅವಳೇ ತೆಗೀಲಿ."