ದೇವರ ಮುಂದಿನಿಂದ ತೆಗೆದ ನೋಟ್‌ಬುಕ್

ಮಕ್ಕಳೇ, ನಿಮ್ಮ ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆಯುಧಪೂಜೆಯ ಆ ದಿನ ನೀವಿಬ್ಬರೂ ಅಪ್ಪ ಅಮ್ಮನ ಜೊತೆ ಪೂಜೆಗೆಂದು ಪೀಣ್ಯದ ಕಾರ್ಖಾನೆಯ ಶೆಡ್ಡಿಗೆ ಹೋಗಿದ್ದಿರಿ. ಮನೆಯಲ್ಲಿ ನಾನು, ಅವಳು ಇಬ್ಬರೇ.

ಅವಳಿಗೆ ಆ ವರ್ಷ ಎರಡನೇ ಪಿಯುಸಿ. ಪರೀಕ್ಷೆಯ ನೆನಪಾದರೆ ಸಾಕು, ಎದೆ ಬಿಗಿದುಕೊಳ್ಳುತ್ತಿತ್ತು, ಬೆರಳು ತಣ್ಣಗಾಗುತ್ತಿದ್ದವು. ಕಾಲೇಜಿನ ಕೌನ್ಸೆಲರ್ ಮೇಡಂ ವಾರಕ್ಕೊಮ್ಮೆ ಕರೆದು ಮಾತಾಡಿಸುತ್ತಿದ್ದರು. ಹಾಗಾದಾಗ ಕೂತು ಏನಾದರೂ ಕತೆ ಕಟ್ಟಿ ಬರಿ ಎಂದಿದ್ದರು. ಅದಕ್ಕೆಂದೇ ಒಂದು ನೋಟ್‌ಬುಕ್ ಇತ್ತು.

ಹಿಂದಿನ ಸಂಜೆ ನಾನು ಮನೆಯ ಪುಸ್ತಕಗಳನ್ನೆಲ್ಲ ಪೆನ್ನು ಪೆನ್ಸಿಲ್ ಸಮೇತ ಸರಸ್ವತಿಯ ಮುಂದೆ ಒಟ್ಟಿದ್ದೆ. ಅವಳ ಆ ನೋಟ್‌ಬುಕ್ಕೂ ಅದರೊಳಗೆ ಹೋಯಿತು. ಪೂಜೆಗಿಟ್ಟ ಮೇಲೆ ವಿಜಯದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ನಮ್ಮೂರ ಶಾಲೆಯಲ್ಲಿ ನಮಗೆ ಅದೇ ಹಬ್ಬವಾಗಿತ್ತು. ಇಂಥದ್ದರಲ್ಲಿ ನಿಮ್ಮಮ್ಮ ನನಗಿಂತ ಬಿಗಿ.

ಮಧ್ಯಾಹ್ನ ಅವಳು ಅಡುಗೆಮನೆ ಬಾಗಿಲಿಗೆ ಬಂದಳು. "ಅಜ್ಜಿ, ನನ್ ನೋಟ್‌ಬುಕ್ ಕೊಡು."

"ನಾಳೆ ತಗೊಳ್ಳೇ. ಒಂದಿನ ಕೈಗೆ ರಜ ಕೊಟ್ರೆ ಏನಾಯ್ತದೆ?"

"ಎದೆಗೆ ರಜ ಇಲ್ವಲ್ಲ ಅಜ್ಜಿ."

"ಮೊಬೈಲಲ್ಲಿ ಬರ್ಕೋ ಮತ್ತೆ."

"ಅದಕ್ಕೂ ಅಮ್ಮ ಕುಂಕುಮ ಇಟ್ಟಿದಾರೆ, ನೋಡು!" ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು.

ಆಮೇಲೆ ನಡೆಯತೊಡಗಿದಳು. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ. ದಿನವೂ ಕೆಳಗಿನ ಶೆಡ್ಡುಗಳ ಸದ್ದಿನಲ್ಲಿ ಮನೆಯ ಸದ್ದು ಕೇಳಿಸುವುದಿಲ್ಲ. ಅಂದು ಎಲ್ಲ ಯಂತ್ರಗಳಿಗೂ ರಜೆ. ಅವಳ ಹೆಜ್ಜೆ ಮಾತ್ರ ಕೇಳಿಸುತ್ತಿತ್ತು. ಹೆಚ್ಚುತ್ತಿದ್ದ ಹುರುಳಿಕಾಯಿ ಒಂದು ಉದ್ದ, ಒಂದು ಗಿಡ್ಡ ಆಯಿತು. ಸರಸ್ವತಿ ಏಳನೇ ಕ್ಲಾಸಿಗೇ ನನ್ನ ಓದು ಬಿಡಿಸಿ ಕೈಬಿಟ್ಟ ದೇವಿ, ಆದರೂ ಆ ದೇವಿಯೆಂದರೆ ನನಗೆ ಭಯ.

"ಅಜ್ಜೀ, ಉಸಿರಾಡಕ್ಕೇ ಆಗ್ತಿಲ್ಲ" ಎಂದು ಅವಳು ನೆಲಕ್ಕೆ ಕುಸಿದಳು.

ಕೈ ಕೂಡ ತೊಳೆಯದೆ ಹೋಗಿ ಹೂ ಸರಿಸಿ, ನಡುವಿನಿಂದ ನೋಟ್‌ಬುಕ್ ಎಳೆದೆ. ಪುಸ್ತಕಗಳೆಲ್ಲ ಜಾರಿ ಬಿದ್ದವು. ಪೆನ್ನು ಮರೆತು ಮತ್ತೆ ಓಡಿದೆ.

"ಪಾಪ ಬಂದ್ರೆ ನಂಗೆ ಬರ್ಲಿ. ನೀನು ಬರಿ."

ಮೊದಲು ಬರೀ ಗೀಚಿದಳು. ಆಮೇಲೆ ಬರೆದಳು. ನನಗೆ ಕೂರಲಾಗಲಿಲ್ಲ. ನೀರು ತಂದುಕೊಟ್ಟೆ, ಒಲೆ ಆರಿಸಿದೆ, ಮತ್ತೆ ಬಂದು ಅವಳ ಬೆನ್ನು ನೋಡಿದೆ.

"ಓದ್ಲಾ ಅಜ್ಜಿ?" ಎಂದಳು ಕೊನೆಗೆ.

ಅವಳ ಕತೆಯಲ್ಲಿ, ಶೆಡ್ಡಿನ ಗೇಟಿನ ಮುಂದೆ ಒಡೆಯಲು ಇಟ್ಟ ಬೂದುಗುಂಬಳಕಾಯಿ ಮಾತಾಡುತ್ತಿತ್ತು. "ಬೆಳಗ್ಗೆಯಿಂದ ಎಲ್ಲರೂ ನನಗೆ ಕುಂಕುಮ ಹಚ್ಚುತ್ತಿದ್ದಾರೆ. ಹೇಗಿದ್ದೀಯ ಅಂತ ಯಾರೂ ಕೇಳುತ್ತಿಲ್ಲ."

ನಗು ಬಂತು. ಮರುಗಳಿಗೆ ಅವಳ ಪಕ್ಕ ನೆಲದ ಮೇಲೆ ಕೂತೆ.

"ಒಡೆದ್ಬಿಟ್ರಾ ಅದನ್ನ?"

"ಇಲ್ಲ. ಎತ್ತೋ ಅಷ್ಟರಲ್ಲಿ ಉರುಳ್ಕೊಂಡು ಹೋಯ್ತು."

"ಎಲ್ಲಿಗೆ?"

"ಅದಿನ್ನೂ ಬರ್ದಿಲ್ಲ."

ಉಸಿರು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಕೆಳಗೆ ಆಟೋ ನಿಂತಿತು, ಮೆಟ್ಟಿಲಲ್ಲಿ ನಿಮ್ಮಮ್ಮನ ದನಿ ಕೇಳಿಸಿತು. ಅವಳು ಗಾಬರಿಯಿಂದ ನೋಟ್‌ಬುಕ್ ಮುಚ್ಚಹೋದಳು.

"ಮುಚ್ಬೇಡ, ಬರಿ. ನಿಮ್ಮಮ್ಮಂಗೆ ನಾನು ಹೇಳ್ತೀನಿ" ಎಂದೆ.

ನಿಮ್ಮ ತಾತ ಹೋದ ಮೇಲೆ ನಾನು ಆ ಮನೆಯಲ್ಲಿ ಯಾರಿಗೂ ಎದುರಾಡಿದವಳಲ್ಲ. ಏನು ಹೇಳಬೇಕೆಂದು ತಿಳಿಯದೆಯೇ ಬಾಗಿಲ ಕಡೆ ನಡೆದೆ.